ಹರಿದ ಶಿವದಾರ

ಮುರುಗೆಪ್ಪ ತಟ್ಟೆಯ ಮುಂದೆ ಕುಳಿತು, ಬನಿಯನ್ನಿನ ಕೊರಳೊಳಗೆ ಕೈ ಹಾಕಿದವನು ಹಾಗೆಯೇ ಕಲ್ಲಾಗಿಬಿಟ್ಟನು. ಕೈ ಎದೆಯ ಎಡಕ್ಕೆ ಹೋಯಿತು, ಬಲಕ್ಕೆ ಬಂದಿತು, ಹೊಟ್ಟೆಯ ಮೇಲೆ ತಡಕಾಡಿತು. ಬೇವಿನ ಮರದ ನೆರಳಿನಲ್ಲಿ ಕುಳಿತು ರೊಟ್ಟಿಯ ಮೇಲೆ ಚಟ್ನಿ ಹಾಕುತ್ತಿದ್ದ ಹೆಂಡತಿ ಗಿರಿಜಾದೇವಿ ತಲೆಯೆತ್ತಿ ನೋಡಿದಳು.

"ಯಾಕ್ರೀ, ಇರಿವಿ ಹೊಕ್ಕಾವೇನು?"

ಆತ ಎದ್ದು ನಿಂತು ಬನಿಯನ್ನನ್ನು ತಲೆಯ ಮೇಲಿಂದ ತೆಗೆದು ಕೊಡವಿದನು. ಹೊಟ್ಟು ಉದುರಿತು, ಹುಲ್ಲಿನ ಚೂರುಗಳು ಉದುರಿದವು. ಬೇರೇನೂ ಬೀಳಲಿಲ್ಲ.

"ಗಿರಿಜಾ, ಕೊರಳಾಗ ಲಿಂಗ ಇಲ್ಲ."

ಗಿರಿಜಾದೇವಿಯ ಕೈಯಲ್ಲಿದ್ದ ಚಮಚ ಬುತ್ತಿಯೊಳಗೆ ಜಾರಿತು. ಮುರುಗೆಪ್ಪನ ಕೊರಳಿಗೆ ಗುರುಗಳು ಇಷ್ಟಲಿಂಗವನ್ನು ಕಟ್ಟಿದಾಗ ಆತ ಇನ್ನೂ ಶಾಲೆಯ ಹುಡುಗ. ನಿಂಬೆಯ ಗಾತ್ರದ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ, ಅದನ್ನು ತೂಗುಹಾಕಲು ನೂಲಿನ ಶಿವದಾರ. ನಿದ್ದೆಯಲ್ಲಿಯೂ ಸ್ನಾನದಲ್ಲಿಯೂ ಅದು ಮೈಬಿಟ್ಟು ಹೋದದ್ದಿಲ್ಲ. ಉಣ್ಣುವ ಮುಂಚೆ ಕರಡಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಅನ್ನವನ್ನು ಲಿಂಗಕ್ಕೆ ಅರ್ಪಿಸಿ, ಆಮೇಲೆ ತಾನು ಉಣ್ಣುವುದು ಆತನ ಪದ್ಧತಿ. ಲಿಂಗವಿಲ್ಲದೆ ಅನ್ನವಿಲ್ಲ, ನೀರೂ ಇಲ್ಲ. ಈ ಮಾತನ್ನು ಆತ ಯಾರಿಗೂ ಹೇಳಿಕೊಂಡು ತಿರುಗಿದವನಲ್ಲ. ಮನೆಯವರಿಗೆಲ್ಲ ತಾನಾಗಿಯೇ ಗೊತ್ತಿತ್ತು.

ಬಗ್ಗಿ ಬನಿಯನ್ನಿನ ಮಡಿಕೆಗಳನ್ನು ನೋಡುತ್ತಿದ್ದ ಗಂಡನ ಹೆಗಲ ಮೇಲೆ, ಕುತ್ತಿಗೆಯ ಹಿಂಭಾಗದಲ್ಲಿ, ಗಿರಿಜಾದೇವಿಗೆ ಒಂದು ಕೆಂಪು ಗೆರೆ ಕಾಣಿಸಿತು. ಭತ್ತದ ಸುಂಕಿಗೆ ತುರಿಸಿಕೊಂಡಿರಬೇಕು ಎಂದುಕೊಂಡು ಆಕೆ ಅದನ್ನು ಅಲ್ಲಿಗೇ ಬಿಟ್ಟಳು.

ಚೆನ್ನೈಯ ತಾಂಬರಂ ದಾಟಿ ಪಡುವಣಕ್ಕೆ ಹೋದರೆ ಕೆರೆಯ ಕೆಳಗೆ ಅವರ ಗದ್ದೆ. ಮೂರು ದಿಕ್ಕಿಗೂ ಈಗ ಬಹುಮಹಡಿ ಕಟ್ಟಡಗಳೆದ್ದಿವೆ. ಕೊಯ್ಲಿನ ಕಾಲ ಬಂದಿತೆಂದರೆ ಅಲ್ಲಿನ ಮಕ್ಕಳು ಬಾಲ್ಕನಿಯಲ್ಲಿ ಸಾಲಾಗಿ ನಿಂತು ಯಂತ್ರದ ವಿಡಿಯೋ ತೆಗೆಯುತ್ತಾರೆ. ಮುರುಗೆಪ್ಪನ ತಂದೆ ಸೌಕಾರ್‌ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದವರು. "ಮಾರೋದಷ್ಟ ಆತು, ಒಮ್ಮೆರ ಬೆಳದು ನೋಡೋಣು" ಎಂದು ಈ ನೆಲವನ್ನು ಕೊಂಡರು. ಕೊಂಡರೇ ಹೊರತು, ಭತ್ತ ಯಾವಾಗ ಹಾಲು ತುಂಬುತ್ತದೆ, ಯಾವಾಗ ನೀರು ತೆಗೆಯಬೇಕು ಎಂಬುದು ಆ ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅದನ್ನು ತಿಳಿದು ಬಂದವಳು ಗಂಗಾವತಿಯ ಕಡೆಯ ಸೊಸೆ ಗಿರಿಜಾದೇವಿ. ಮದುವೆಯಾಗಿ ಬಂದ ಹೊಸತರಲ್ಲಿ ಸೌಕಾರ್‌ಪೇಟೆಯ ಗಲ್ಲಿಯ ಮನೆಯಲ್ಲಿ ಆಕೆಗೆ ಆಕಾಶ ಕಾಣಬೇಕಾದರೆ ಮಾಳಿಗೆಗೆ ಹೋಗಬೇಕಾಗಿತ್ತು. ಗದ್ದೆಗೆ ಕಾಲಿಟ್ಟ ದಿನ ಮಾವನ ಎದುರಿಗೇ ಸೀರೆ ಮೇಲಕ್ಕೆ ಕಟ್ಟಿ ಕೆಸರಿಗಿಳಿದಳು. ಮಾವ ದಂಡೆಯ ಮೇಲೆ ನಿಂತು, "ನಮ್ಮ ಮನಿ ಗೌಡ ಬಂದ ನೋಡು!" ಎಂದು ನಕ್ಕರಂತೆ.

ಕೂಲಿಯಾಳುಗಳು ಸಿಗುವುದು ಕಷ್ಟವಾದ ಮೇಲೆ ಮನೆಗೆ ಕಟಾವಿನ ಯಂತ್ರ ಬಂದಿತು. ಒದ್ದೆ ನೆಲದಲ್ಲಿಯೂ ಹೂತುಹೋಗದ ಚೈನಿನ ಯಂತ್ರ. ಮೊದಲು ಮುರುಗೆಪ್ಪ ಓಡಿಸುತ್ತಿದ್ದನು. ಈಗ ಮಗ ಶಿವಕಿರಣ್ ಓಡಿಸುತ್ತಾನೆ. ಯಂತ್ರದ ಮುಂದೆ ಅಗಲವಾದ ಬಾಯಿ. ಬಾಯಿಯೊಳಗೆ, ಕೊಯ್ದ ಪೈರನ್ನು ಒಳಕ್ಕೆಳೆಯುವ ದೊಡ್ಡ ಉರುಳೆ. ಬಳ್ಳಿ ಸಿಕ್ಕಿಕೊಂಡು ಉರುಳೆ ನಿಂತರೆ, ಯಾರಾದರೊಬ್ಬರು ಪಕ್ಕದಿಂದ ಬಗ್ಗಿ ಅದನ್ನು ಕಿತ್ತು ತೆಗೆಯಬೇಕು. ಮೇಲೆ ಕುಳಿತವನಿಗೆ ಆ ಮೂಲೆ ಕಾಣುವುದಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಕೂಗಿದರೆ ಕೇಳಿಸುವುದೂ ಇಲ್ಲ. ಅದಕ್ಕೆಂದು ಈ ಮನೆಯವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಗಿರಿಜಾದೇವಿ ಕೆಂಪು ಟವೆಲು ಹಿಡಿದು ಬದುವಿನ ಮೇಲೆ ನಿಲ್ಲಬೇಕು. ಟವೆಲು ಕೆಳಗಿಳಿದರೆ ಉರುಳೆ ನಿಲ್ಲಬೇಕು. ಮೇಲೇರಿದರೆ ಉರುಳೆ ತಿರುಗಬೇಕು. ಅಕ್ಕಪಕ್ಕದ ರೈತರು, "ಅಮ್ಮ ರೈಲ್ವೇ ಗಾರ್ಡು" ಎಂದು ಹಾಸ್ಯ ಮಾಡುತ್ತಿದ್ದರು. ಆ ಹಾಸ್ಯದಿಂದ ಆಕೆಗೆ ಹೆಮ್ಮೆಯೇ ಆಗುತ್ತಿತ್ತು.

ಈಗ ಆ ಟವೆಲು ಬೇವಿನ ಕೊಂಬೆಯ ಮೇಲೆ ಒಣಗುತ್ತಿತ್ತು. ಮನೆಯ ನಾಲ್ವರೂ ಕೂಳೆಯ ಮೇಲೆ ಬಗ್ಗಿ ನಡೆಯುತ್ತಿದ್ದರು. ಭಾನುವಾರವಾದ್ದರಿಂದ ಸೊಸೆ ತೇಜಶ್ರೀಗೂ ಬ್ಯಾಂಕಿಗೆ ರಜೆ. ಅವಳು ಚೆನ್ನೈಯಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡಕ್ಕೆ ಅರ್ಧ ತಮಿಳು ಬೆರೆಸಿಯೇ ಮಾತನಾಡುವಳು.

"ಮಾವ, ತಪ್ಪಾ ನೆನೆಯಬೇಡಿ. ಸಿಗದೇ ಹೋದರೆ ಸ್ವಾಮಿಗಳ ಹತ್ತಿರ ಹೊಸದು ಕೇಳಬಹುದು ಅಲ್ಲವಾ?"

"ಅದು ಆಮ್ಯಾಲಿನ ಮಾತು, ತಂಗಿ. ಕಳಕೊಂಡ ಕೈಲೆ ಮೊದಲ ಹುಡುಕಬೇಕು."

"ನೀರರ ಕುಡೀರಿ," ಎಂದಳು ಗಿರಿಜಾದೇವಿ. "ಬಿಸಿಲು ನೋಡ್ರಿ ಹ್ಯಾಂಗ ಐತಿ. ಸಕ್ಕರಿ ಕಾಯಿಲೆ ಬ್ಯಾರೆ."

"ಸಿಗೂತನಕ ಹನಿ ನೀರೂ ಬ್ಯಾಡ." ಆತ ತಿರುಗಿ ನಿಂತನು. ಸಿಟ್ಟು ಮಾಡುವ ಸ್ವಭಾವದವನಲ್ಲದ ಆತ ಅಂದು ದನಿ ಏರಿಸಿದನು. "ದಾರ ಸವದೈತಿ, ಸವದೈತಿ ಅಂತ ಎಷ್ಟು ಸರ್ತಿ ಹೇಳೀನಿ ನಿನಗ? ತೇಜಶ್ರೀ ಸೌಕಾರ್‌ಪೇಟಿಯಿಂದ ನೈಲಾನ್ ದಾರ ತಂದು ಕೊಟ್ಲು. ಬ್ಯಾಡ, ನೂಲಿಂದ ಆಗಬೇಕು ಅಂತ ಡಬ್ಬಿಯೊಳಗ ಇಟ್ಟಿ. ಅದನ್ನ ಹಾಕಿದ್ರ ಹರೀತಿತ್ತೇನು?"

ಗಿರಿಜಾದೇವಿಗೆ ಗೊತ್ತಿತ್ತು, ತಪ್ಪು ತನ್ನದೇ. ವರ್ಷಕ್ಕೊಮ್ಮೆ, ಶಿವರಾತ್ರಿಗೆ, ಹೊಸ ಶಿವದಾರವನ್ನು ತನ್ನ ಕೈಯಿಂದಲೇ ಹೊಸೆದು ಗಂಡನಿಗೆ ಕೊಡುವವಳು ಆಕೆ. ಹೋದ ಶಿವರಾತ್ರಿಯ ಹೊತ್ತಿಗೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಎಳೆ ಕಾಣುತ್ತಿರಲಿಲ್ಲ, ಹಳೆಯ ದಾರವೇ ಮುಂದುವರಿಯಿತು. ಕಣ್ಣು ಸರಿಹೋದ ಮೇಲೆ ಇಂದು ನಾಳೆ ಎಂದು ದಿನ ದೂಡಿದಳು.

ಅಷ್ಟರಲ್ಲಿ ಯಂತ್ರದ ಬಾಯಿಯೊಳಗೆ ತಲೆಹಾಕಿ ನೋಡುತ್ತಿದ್ದ ಶಿವಕಿರಣ್ ಎದ್ದು ನಿಂತನು. ಎಂಜಿನ್ ನಿಲ್ಲಿಸಿ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡಿದ್ದನು.

"ಅಪ್ಪಾ, ಇಲ್ಲಿ ಬರ್ರಿ."

ಉರುಳೆಯ ಒಂದು ತುದಿಗೆ, ಹಸಿರು ಬಳ್ಳಿಯ ಜೊತೆಗೆ, ಬೂದಿಬಣ್ಣಕ್ಕೆ ತಿರುಗಿದ ನೂಲಿನ ದಾರ ಸುತ್ತಿಕೊಂಡಿತ್ತು. ಬಿಗಿಯಾಗಿ, ಬೆರಳುಗುರು ತೂರದಷ್ಟು ಬಿಗಿಯಾಗಿ. ತುದಿ ಎಳೆ ಎಳೆಯಾಗಿ ಕಿತ್ತುಹೋಗಿತ್ತು. ಕರಡಿಗೆ ಇರಲಿಲ್ಲ.

ಮೇಲೆ ಮೀನಂಬಾಕಂ ಕಡೆಗೆ ಇಳಿಯುತ್ತಿದ್ದ ವಿಮಾನದ ಸದ್ದು ಬಂದು, ತಲೆಯ ಮೇಲಿಂದ ಹಾದು ಹೋಯಿತು.

"ಅಪ್ಪಾ," ಎಂದನು ಶಿವಕಿರಣ್. "ಇದು ತಾನಾಗೇ ಬಿದ್ದದ್ದಲ್ಲ. ತಿರುಗೋ ಉರುಳಿ ಎಳದೈತಿ. ನಿಮ್ಮ ಕೊರಳಾಗಿದ್ದಾಗನ ಎಳದೈತಿ. ಯಾವಾಗ?"

ಮುರುಗೆಪ್ಪನ ಕೈ ತಾನಾಗಿಯೇ ಕುತ್ತಿಗೆಯ ಹಿಂದಕ್ಕೆ ಹೋಯಿತು. ಆ ಕೆಂಪು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದನು.

"ಬೆಳಿಗ್ಗೆ ಬಳ್ಳಿ ಕೀಳೂ ಮುಂದ. ಯಾರೋ ಕೊರಳ ಹಿಡಿದು ಜಗ್ಗಿದಾಂಗಾತು. ಹಿಂದಕ್ಕ ಬಿದ್ದು ಕೆಸರಾಗ ಕುಂತೆ. ಬನಿಯನ್ ಸಿಕ್ಕಿತ್ತು ಅಂತ ತಿಳದಿದ್ದೆ." ಮಗನ ಕಡೆಗೆ ತಿರುಗಿದನು. "ನಾ ಇನ್ನೂ ಬಗ್ಗಿದ್ದೆ, ನೀ ಯಾಕ ತಿರುವಿದಿ? ಕಣ್ಣು ಎಲ್ಲಿ ಇಟ್ಟಿದ್ದಿ?"

"ಟವೆಲ್ ಏರಿತು ಅಪ್ಪಾ. ಅವ್ವ ಸನ್ನೆ ಕೊಟ್ಲು, ನಾ ತಿರುವಿದೆ."

"ಸುಳ್ಳ ಹೇಳಬ್ಯಾಡ! ನಿಮ್ಮವ್ವ ನಾ ಒಳಗ ಇರೂ ಮುಂದ ಟವೆಲ್ ಎತ್ತತಾಳೇನು? ಈ ಮಷಿನ್ ಬಂದಾಗಿಂದ ಒಮ್ಮೆರ ತಪ್ಪ್ಯಾಳೇನು? ಫೋನ್ ನೋಡಾಕತ್ತಿರಬೇಕು ನೀ."

ಶಿವಕಿರಣ್ ತಾಯಿಯ ಮುಖ ನೋಡಿದನು. ಗಿರಿಜಾದೇವಿಗೆ ಬೆಳಗಿನದೆಲ್ಲ ಒಟ್ಟಿಗೇ ಕಣ್ಣಿಗೆ ಬಂದಿತು. ಟವೆಲನ್ನು ಇಳಿಸಿದ್ದು ಸರಿ. ಗಂಡ ಬಗ್ಗಿದ್ದೂ ಕಂಡಿತ್ತು. ಆಗ ಎದುರಿನ ಕಟ್ಟಡದ ಗಾಜಿಗೆ ಸೂರ್ಯ ಬಡಿದು, ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಸೂಜಿ ಚುಚ್ಚಿದಂತಾಗಿತ್ತು. ಬಿಸಿಲು ತಾಳದೆ ಆಕೆ ಟವೆಲನ್ನು ಎತ್ತಿ ತಲೆಯ ಮೇಲೆ ಹಾಕಿಕೊಂಡಿದ್ದಳು. ಅಷ್ಟೇ. ಎಲ್ಲ ಹೆಂಗಸರೂ ಬಿಸಿಲಿಗೆ ಮಾಡುವ ಕೆಲಸ. ಮರುಗಳಿಗೆ ಕಣ್ಣು ಬಿಟ್ಟಾಗ ಉರುಳೆ ತಿರುಗುತ್ತಿತ್ತು, ಗಂಡ ಕೆಸರಿನಲ್ಲಿ ಕಾಲು ಚಾಚಿ ಕುಳಿತಿದ್ದನು. ಜಾರಿ ಬಿದ್ದನೆಂದು ತಿಳಿದು ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ನಕ್ಕಿದ್ದಳು!

ಡಬ್ಬಿಯಲ್ಲಿದ್ದ ನೈಲಾನ್ ದಾರ ಆಕೆಯ ಕಣ್ಣ ಮುಂದೆ ಬಂದಿತು. ಎಮ್ಮೆ ಕಟ್ಟಿದರೂ ಹರಿಯದ ದಾರ ಎಂದು ಅಂಗಡಿಯವನು ಹೇಳಿದ್ದನಂತೆ. ಅದು ಆ ಕೊರಳಿನಲ್ಲಿದ್ದಿದ್ದರೆ? ಆಕೆ ಮುಂದೆ ಯೋಚಿಸಲಾರದೆ ಬೇವಿನ ಬೊಡ್ಡೆಯನ್ನು ಹಿಡಿದುಕೊಂಡಳು.

"ಅತ್ತೆ!" ತೇಜಶ್ರೀ ಓಡಿಬಂದು ತೋಳು ಹಿಡಿದಳು. "ಏನಾಯ್ತು? ಮಯಕ್ಕಮಾ?"

ತಲೆ ಸುತ್ತಿತೇ ಎಂದು ಸೊಸೆ ಕೇಳುತ್ತಿದ್ದಳು. ಗಿರಿಜಾದೇವಿ ಅಲ್ಲವೆಂದು ತಲೆಯಾಡಿಸಿದಳು.

ಶಿವಕಿರಣ್ ತಂದೆಯ ಬೈಗುಳವನ್ನು ನುಂಗಿಕೊಂಡು ಯಂತ್ರದ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚತೊಡಗಿದ್ದನು. ಕರಡಿಗೆ ಕಾಳಿನ ಪೆಟ್ಟಿಗೆಗೆ ಹೋಗಿರಲಾರದು, ಜರಡಿಯಲ್ಲಿ ಅದು ದಾಟುವುದಿಲ್ಲ. ಹುಲ್ಲಿನ ಜೊತೆ ಹಿಂದಿನಿಂದ ಹೊರಬಿದ್ದಿರಬೇಕು ಎಂದನು. ಆದರೆ ಬೆಳಿಗ್ಗೆ ಕೊಯ್ದ ಸಾಲಿನಲ್ಲಿ ಹುಲ್ಲೇ ಇರಲಿಲ್ಲ. ಪೈರು ಚೆನ್ನಾಗಿ ಒಣಗಿತ್ತೆಂದು, ಕಟಾವಿನ ಬೆನ್ನ ಹಿಂದೆಯೇ ಇನ್ನೊಂದು ಯಂತ್ರ ಬಂದು ಹುಲ್ಲನ್ನು ಸುರುಳಿ ಸುತ್ತಿ ಕಟ್ಟಿತ್ತು. ಸುರುಳಿಗಳು ಆಗಲೇ ಸಣ್ಣ ಲಾರಿ ಏರಿ, ತಾಂಬರಂನಲ್ಲಿ ಹಸು ಕಟ್ಟಿರುವ ಏಳುಮಲೈಯ ಕೊಟ್ಟಿಗೆಗೆ ಹೋಗಿದ್ದವು.

"ಅತ್ತೆ, ವಾಂಗೊ," ಎಂದು ಕರೆಯುತ್ತ ತೇಜಶ್ರೀ ಸ್ಕೂಟರಿನ ಕೀಲಿ ತೆಗೆದಳು. "ಹಸು ತಿನ್ನುವುದಕ್ಕೆ ಮುಂಚೆ ಹೋಗೋಣ."

ದಾರಿಯುದ್ದಕ್ಕೂ ಗಿರಿಜಾದೇವಿ ಸೊಸೆಯ ಹೆಗಲನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದಳು. ಬಸ್ಸುಗಳು ಪಕ್ಕದಲ್ಲಿಯೇ ಹಾದುಹೋದವು. ಆಕೆಗೆ ಅವು ಕಾಣಲಿಲ್ಲ. ರೈಲ್ವೆ ಗೇಟಿನ ಹತ್ತಿರ ನಿಂತಾಗ ಸೊಸೆಯ ಬೆನ್ನಿಗೆ ಹಣೆ ಹಚ್ಚಿ ಅಂದಳು:

"ತೇಜೂ, ಶಿವಕಿರಣನ ತಪ್ಪಿಲ್ಲ. ಟವೆಲ್ ನಾನ ಎತ್ತಿದ್ದೆ. ತಲಿ ಮ್ಯಾಲ ಹೊದ್ಕೊಳ್ಳಾಕ ಎತ್ತಿದೆ."

ತೇಜಶ್ರೀ ಥಟ್ಟನೆ ಹಿಂದಿರುಗಿ ನೋಡಿದಳು. "ಅಯ್ಯೋ, ಅತ್ತೆ..." ಎಂದಳು. ಗೇಟು ತೆರೆಯಿತು, ಹಿಂದಿನವರು ಹಾರನ್ ಹೊಡೆದರು.

ಏಳುಮಲೈಯ ಕೊಟ್ಟಿಗೆ ಎರಡು ಅಂಗಡಿಗಳ ನಡುವಿನ ಸಂದಿಯ ಕೊನೆಯಲ್ಲಿತ್ತು. ಆತ ಲುಂಗಿ ಮಡಿಚಿ ಕಟ್ಟಿಕೊಂಡು ಸುರುಳಿಗಳನ್ನು ಗೋಡೆಗೆ ಒಟ್ಟುತ್ತಿದ್ದನು.

"ಎನ್ನಮ್ಮಾ, ವೈಕ್ಕೋಲ್ ಕುಡುತ್ತುಟ್ಟು ತಿರುಪ್ಪಿ ಕೇಕ್ಕರೀಂಗಳಾ?"

ಕೊಟ್ಟ ಹುಲ್ಲನ್ನೇ ತಿರುಗಿ ಕೇಳಲು ಬಂದಿರಾ ಎಂದು ಆತ ನಗುತ್ತಿದ್ದನು. ತೇಜಶ್ರೀ ತಮಿಳಿನಲ್ಲಿ ನಡೆದದ್ದನ್ನು ಹೇಳುತ್ತ ಹೋದಂತೆ ಆ ನಗು ನಿಂತಿತು. ಮಾವನ ಕೊರಳಿನ ದೇವರು ಹುಲ್ಲಿನೊಳಗಿದೆ, ಅದು ಸಿಗುವವರೆಗೆ ಅವರು ನೀರು ಮುಟ್ಟುವುದಿಲ್ಲ ಎಂದಾಗ, ಆತ ಚಪ್ಪಲಿಯನ್ನು ಅಲ್ಲಿಯೇ ಬಿಟ್ಟನು.

"ಸಾಮಿ ಉಳ್ಳ ಇರುಕ್ಕಾ?" ಒಳಗೆ ದೇವರಿದೆಯೇ ಎಂದು ಮೆಲ್ಲಗೆ ಕೇಳಿ, ಕುಡುಗೋಲು ತಂದು ಮೊದಲನೆಯ ಸುರುಳಿಯ ದಾರವನ್ನು ಕೊಯ್ದನು.

ಮೂವರೂ ನೆಲದ ಮೇಲೆ ಕುಳಿತರು. ಸುರುಳಿಯನ್ನು ಬಿಡಿಸಿ, ಹಿಡಿ ಹಿಡಿಯಾಗಿ ಹುಲ್ಲು ಕೊಡವಿ, ಪಕ್ಕಕ್ಕೆ ಇಡುವುದು. ಸಂದಿಯೆಲ್ಲ ಹುಲ್ಲಾಯಿತು. ದಾರಿಹೋಕರು ಇಣುಕಿ, "ಮೋದಿರಮಾ?" ಎಂದು ಕೇಳಿ ಹೋದರು; ಉಂಗುರ ಕಳೆದಿರಬೇಕು ಎಂಬುದು ಅವರ ಊಹೆ. ಹುಲ್ಲಿನಿಂದ ಬಸವನಹುಳುವಿನ ಚಿಪ್ಪು ಬಿದ್ದಿತು, ಸೋಡಾ ಮುಚ್ಚಳ ಬಿದ್ದಿತು, ಯಾವ ಮಗುವಿನದೋ ಒಂದು ಶಟಲ್ ಕಾಕ್ ಬಿದ್ದಿತು. ಪ್ರತಿಯೊಂದು ಬಿದ್ದಾಗಲೂ ಗಿರಿಜಾದೇವಿ ಕೈ ಚಾಚಿ, ಮತ್ತೆ ಹಿಂತೆಗೆಯುತ್ತಿದ್ದಳು. ಆಕೆಯ ಸೆರಗಿನೊಳಗೆ ತನ್ನದೇ ಕರಡಿಗೆ ತೂಗಾಡುತ್ತಿತ್ತು. ಅದನ್ನು ಒಮ್ಮೆ ಮುಷ್ಟಿಯಲ್ಲಿ ಹಿಡಿದು, "ಅವರ ಕೊರಳು ಉಳಿಸಿದ್ದಿ, ಇನ್ನ ನೀನೂ ಬಂದುಬಿಡು ತಂದೆ" ಎಂದಳು.

ಕೊನೆಗೆ ಕಂಡುಹಿಡಿದದ್ದು ಮನುಷ್ಯರಲ್ಲ. ಬಿಡಿಸಿ ಎಸೆದ ಹುಲ್ಲಿಗೆ ಒಂದು ಬಿಳಿಯ ಹಸು ಕೊರಳು ಚಾಚಿ ಬಾಯಿ ಹಾಕಿತ್ತು. ಹಾಕಿದ್ದು ಸರಕ್ಕನೆ ತಲೆ ಕೊಡವಿ ಹಿಂದೆ ಸರಿಯಿತು. ಗೋದಲಿಯ ಕಲ್ಲಿಗೆ ಏನೋ ಟಣ್ಣನೆ ಬಡಿಯಿತು.

ಗಿರಿಜಾದೇವಿ ಹಸುವಿನ ಮೂತಿಯ ಕೆಳಗೇ ಕೈ ತೂರಿಸಿದಳು. ಕೈಗೆ ತಣ್ಣನೆಯ ಬೆಳ್ಳಿ ಸಿಕ್ಕಿತು. ಕರಡಿಗೆಯ ಒಂದು ಮಗ್ಗುಲು ನೆಗ್ಗಿ ಒಳಗೆ ಹೋಗಿತ್ತು. ಮುಚ್ಚಳ ಮಾತ್ರ ಕಚ್ಚಿ ಹಿಡಿದಿತ್ತು. ಬೆಳ್ಳಿಯೇ ಹೀಗೆ ನೆಗ್ಗಿದೆ, ಕೊರಳೇ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂದದ್ದೇ ತಡ, ಅಷ್ಟು ಹೊತ್ತು ಒಣಗಿದ್ದ ಆಕೆಯ ಕಣ್ಣಿಂದ ನೀರು ಸುರಿಯಿತು. ಏಳುಮಲೈ ದೂರದಿಂದಲೇ ಕೈ ಮುಗಿದನು. ಹುಲ್ಲು ಒಟ್ಟುವುದನ್ನು ತಾನು ನೋಡಿಕೊಳ್ಳುತ್ತೇನೆ, ಮೊದಲು ಹೋಗಿ ಯಜಮಾನರಿಗೆ ನೀರು ಕುಡಿಸಿ ಎಂದನು.

ಅವರು ಗದ್ದೆಗೆ ಹಿಂದಿರುಗಿದಾಗ ಬಿಸಿಲು ಇಳಿದಿತ್ತು. ಮುರುಗೆಪ್ಪ ಬೇವಿನ ಬೊಡ್ಡೆಗೆ ಒರಗಿ ಕುಳಿತಿದ್ದನು. ತುಟಿ ಬಿಳಿಚಿತ್ತು. ಶಿವಕಿರಣ್ ದೂರದಲ್ಲಿ, ಮುಚ್ಚಳ ಬಿಚ್ಚಿದ ಯಂತ್ರದ ನೆರಳಿನಲ್ಲಿ ಕುಳಿತಿದ್ದನು. ತಂದೆ ಮಗ ಒಬ್ಬರೊಡನೊಬ್ಬರು ಮಾತನಾಡಿರಲಿಲ್ಲವೆಂಬುದು ನೋಡಿದರೇ ತಿಳಿಯುತ್ತಿತ್ತು.

ಗಿರಿಜಾದೇವಿ ಸೆರಗಿನ ಗಂಟು ಬಿಚ್ಚಿ ಕರಡಿಗೆಯನ್ನು ಗಂಡನ ಅಂಗೈಯಲ್ಲಿಟ್ಟಳು. ಕಚ್ಚಿ ಹಿಡಿದ ಮುಚ್ಚಳ ಆತನ ಬೆರಳುಗಳಿಗೆ ಬಿಚ್ಚಿಕೊಳ್ಳಲಿಲ್ಲ. ಮಗನೇ ಎದ್ದು ಬಂದು ತೆಗೆದುಕೊಟ್ಟನು. ಒಳಗೆ ಲಿಂಗ ಒಂದಿಷ್ಟೂ ಮುಕ್ಕಾಗದೆ, ಕರಿದಾಗಿ ಹೊಳೆಯುತ್ತಿತ್ತು. ಮುರುಗೆಪ್ಪ ಕೈಕಾಲು ತೊಳೆದು ಬಂದು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತನು. ಪೂಜೆಯಾದ ಮೇಲೆ ತಂಬಿಗೆ ಎತ್ತಿ ಗಟಗಟನೆ ನೀರು ಕುಡಿದನು. ಆತ ಕುಡಿದು ಮುಗಿಸುವವರೆಗೆ ಗಿರಿಜಾದೇವಿ ಕಾದಳು.

"ಈಗ ನನ್ನ ಮಾತು ಕೇಳ್ರಿ. ಶಿವ ಸುಳ್ಳ ಹೇಳಲಿಲ್ಲ. ಟವೆಲ್ ನಾನ ಎತ್ತಿದ್ದು."

ಆತ ತಂಬಿಗೆಯನ್ನು ಕೆಳಗಿಟ್ಟನು.

"ಕಣ್ಣಿಗೆ ಬಿಸಿಲು ಬಡೀತು. ನೀವು ಒಳಗ ಬಗ್ಗೀರಿ ಅನ್ನೋದ ಮರತು ತಲಿ ಮ್ಯಾಲ ಹಾಕ್ಕೊಂಡೆ. ಆಮ್ಯಾಲ ನೀವು ಬಿದ್ದದ್ದು ನೋಡಿ..." ಆಕೆ ತಲೆ ತಗ್ಗಿಸಿದಳು. "ನೋಡಿ ನಕ್ಕೆನ್ರೀ."

ಮುರುಗೆಪ್ಪ ಆಕೆಯ ಕಡೆಗೆ ತಿರುಗಿದನು. ಬೈಯುತ್ತಾನೆಂದು ತೇಜಶ್ರೀ ಅತ್ತೆಯ ಪಕ್ಕಕ್ಕೆ ಬಂದು ನಿಂತಳು.

"ನೀ ನಕ್ಕಿದ್ದು ಕಂಡಿತ್ತು ನನಗ," ಎಂದನು ಆತ. "ಅದಕ್ಕ ಯಾರ ಮುಂದೂ ಹೇಳಲಿಲ್ಲ. ಈ ವಯಸ್ಸಿನ್ಯಾಗ ಕೆಸರಾಗ ಬಿದ್ದೆ ಅಂತ ನಾಚಿಗಿ ಆತು." ಆಮೇಲೆ ಮಗನ ಕಡೆ ನೋಡದೆಯೇ ಅಂದನು: "ಶಿವಾ, ನಿನ್ನ ಸುಳ್ಳಗಾರ ಅಂದೆ. ಮನಸ್ಸಿಗೆ ಹಚ್ಚಿಕೋಬ್ಯಾಡಪಾ."

"ಇರಲಿ ಬಿಡ್ರಿ," ಎಂದನು ಶಿವಕಿರಣ್. "ನೀವು ಬೈಯಾಕ ಉಳದೀರಲ್ಲ, ಸಾಕು." ಅಂದವನು ಎದ್ದು ಯಂತ್ರದ ಹಿಂದೆ ಹೋದನು. ಅಲ್ಲಿಂದ ಮೂಗು ಸೀಟಿದ ಸದ್ದು ಬಂದಿತು.

ಮರುದಿನ ಮನೆಯಲ್ಲಿ ಯಾರೂ ಯಂತ್ರ ಹೊರಡಿಸುವ ಮಾತೆತ್ತಲಿಲ್ಲ. ಕರಡಿಗೆಗೆ ತಾತ್ಕಾಲಿಕವಾಗಿ ಒಂದು ವಸ್ತ್ರ ಸುತ್ತಿ ಮುರುಗೆಪ್ಪ ಕೊರಳಿಗೆ ಕಟ್ಟಿಕೊಂಡಿದ್ದನು. ಗಿರಿಜಾದೇವಿ ಬೆಳಗಿನ ಬೆಳಕಿಗೆ ಎದುರಾಗಿ ಕುಳಿತು, ತೊಡೆಯ ಮೇಲೆ ನೂಲು ಹೊಸೆಯತೊಡಗಿದಳು. ಕೆಂಪು ಟವೆಲನ್ನು ಆಕೆ ಆಗಲೇ ಹರಿದು ನೆಲ ಒರೆಸುವ ಬಟ್ಟೆ ಮಾಡಿದ್ದಳು. ಇನ್ನು ಮುಂದೆ ಉರುಳೆಯ ಹತ್ತಿರ ಯಾರು ಹೋಗಬೇಕಾದರೂ ಎಂಜಿನ್ ನಿಲ್ಲಬೇಕು, ಕೀಲಿಕೈ ತನ್ನ ಸೊಂಟಕ್ಕೆ ಬರಬೇಕು ಎಂದು ಹೇಳಿಯೂ ಬಿಟ್ಟಿದ್ದಳು. ಯಾರೂ ಎದುರಾಡಿರಲಿಲ್ಲ.

ಹೊಸೆದ ದಾರವನ್ನು ಎರಡು ಮುಷ್ಟಿಗಳಿಗೆ ಸುತ್ತಿ ಆಕೆ ಜೋರಾಗಿ ಒಮ್ಮೆ ಜಗ್ಗಿದಳು. ಹರಿಯಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಎಳೆಗಳನ್ನು ಕಡಿಮೆ ಮಾಡಿ ಇನ್ನೊಂದನ್ನು ಹೊಸೆದಳು. ಜಗ್ಗಿದಳು. ಅದೂ ಹರಿಯಲಿಲ್ಲ.

ಮುರುಗೆಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದನು.

"ಗಟ್ಟಿ ಐತಲ್ಲ, ಮತ್ಯಾಕ ಬ್ಯಾರೇದು ಹೊಸೀತಿ?"

ಆಕೆ ಇನ್ನೂ ಕಡಿಮೆ ಎಳೆಗಳಲ್ಲಿ ಮತ್ತೊಂದನ್ನು ಹೊಸೆದಳು. ಕರಡಿಗೆಯಷ್ಟು ತೂಕದ ಕಲ್ಲೊಂದನ್ನು ಅದಕ್ಕೆ ಕಟ್ಟಿ ಎತ್ತಿ ನೋಡಿದಳು, ಭಾರ ತಾಳಿತು. ಕಲ್ಲು ಬಿಚ್ಚಿಟ್ಟು ಜಗ್ಗಿದಳು. ಟಪ್ಪೆಂದು ಹರಿಯಿತು. ಹರಿದ ತುದಿಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಅಷ್ಟೇ ಎಳೆಗಳನ್ನು ಎಣಿಸಿ ತೆಗೆದುಕೊಂಡು ಇನ್ನೊಮ್ಮೆ ಹೊಸೆಯತೊಡಗಿದಳು.

"ಏ ಗಿರಿಜಾ, ಇದೂ ಹರೀತೈತಲ್ಲ!"

"ಹರೀಲಿ," ಎಂದಳು ಗಿರಿಜಾದೇವಿ, ತಲೆಯೆತ್ತದೆ. "ಹರೀಬೇಕಂತ ಹೊಸಿಯಾಕತ್ತೀನಿ."